ಟೀಕ್ ಬಣ್ಣದ ಕುರ್ಚಿ

ಪೀಣ್ಯ

ಜರ್ಮನಿಗೆ ಹೋಗಿ ಬಂದವರು ಕೋಟೆಗಳ ಬಗ್ಗೆ, ಚರ್ಚಿನ ಗೋಪುರಗಳ ಬಗ್ಗೆ ಹೇಳುತ್ತಾರೆ. ನನ್ನನ್ನು ಕೇಳಿದರೆ ಮೆಟ್ಟಿಲುಗಳ ಬಗ್ಗೆ ಹೇಳಬಲ್ಲೆ. ಯಾವ ನಿಲ್ದಾಣದ ಮೆಟ್ಟಿಲು ಕಡಿದಾಗಿದೆ, ಯಾವ ಮನೆಯ ಮೆಟ್ಟಿಲು ಅರ್ಧಕ್ಕೇ ತಿರುಗುತ್ತದೆ, ಎಲ್ಲಿ ಹಿಡಿದುಕೊಳ್ಳಲು ಕಂಬಿಯಿಲ್ಲ, ಎಲ್ಲ ನೆನಪಿದೆ. ಏಕೆಂದರೆ ಆ ಪ್ರವಾಸದುದ್ದಕ್ಕೂ ನನ್ನ ಕಂಕುಳಲ್ಲಿ ಒಂದು ಕುರ್ಚಿ ಇತ್ತು.

ತೊಂಬತ್ತರ ದಶಕದ ನಡುವಿನ ಮಾತು. ಪೀಣ್ಯದಲ್ಲಿ ನಾನೂ ನನ್ನ ಮೈದುನ ಶಿವಕುಮಾರನೂ ಪಾಲುದಾರಿಕೆಯಲ್ಲಿ ಒಂದು ಫರ್ನಿಚರ್ ಶೆಡ್ಡು ನಡೆಸುತ್ತಿದ್ದೆವು. ಸುತ್ತಲಿನ ಕಾರ್ಖಾನೆಗಳಿಗೆ ಹೊರದೇಶದ ಯಂತ್ರಗಳು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಯಂತ್ರವನ್ನು ಒಳಗೆ ಕೂರಿಸಿದ ಮೇಲೆ ಪೆಟ್ಟಿಗೆ ಕಾಂಪೌಂಡಿನ ಮೂಲೆ ಸೇರುತ್ತಿತ್ತು, ಅಲ್ಲಿಂದ ವಾಚ್‌ಮನ್‌ಗಳ ಚಳಿ ಕಾಯಿಸುವ ಬೆಂಕಿಗೆ. ಒಂದು ದಿನ ಅಂಥ ಒಂದು ಹಲಗೆಗೆ ಉಜ್ಜುಗೊರಡು ಹಾಕಿಸಿ ನೋಡಿದೆ. ಒಳಗೆ ಬೆಣ್ಣೆಯಂಥ ಬಿಳಿ ಮರ, ತೆಳ್ಳಗಿನ ಗೆರೆಗಳು, ಒಳ್ಳೆಯ ವಾಸನೆ. ಇದನ್ನು ಸುಡುವುದಕ್ಕೆ ಯಾರಿಗಾದರೂ ಹೇಗೆ ಮನಸ್ಸು ಬರುತ್ತದೆ ಎಂದು ನನಗೆ ಸಿಟ್ಟೇ ಬಂತು. ಅವತ್ತಿನಿಂದ ಪೀಣ್ಯದ ಮೂಲೆಗಳಿಂದ, ವೈಟ್‌ಫೀಲ್ಡಿನ ಕಂಟೇನರ್ ಡಿಪೋದಿಂದ ಪೆಟ್ಟಿಗೆ ಮರ ತರಿಸಿ ಕುರ್ಚಿ ಮಾಡಿಸತೊಡಗಿದೆ. ಒಮ್ಮೆ ಕಡಿದ ಮರ ಎರಡು ಸಲವಾದರೂ ದುಡಿಯಲಿ ಎಂಬುದಷ್ಟೇ ನನ್ನ ಲೆಕ್ಕಾಚಾರ. ಪರಿಸರ ಎಂಬ ಮಾತು ಆಗ ನನ್ನ ಬಾಯಲ್ಲಿ ಇರಲಿಲ್ಲ.

ಆದರೆ ಬಿಳಿ ಕುರ್ಚಿ ಯಾರಿಗೂ ಬೇಡ. ಬೆಂಗಳೂರಿನಲ್ಲಿ ಕುರ್ಚಿಯೆಂದರೆ ಟೀಕ್, ಇಲ್ಲವೇ ಟೀಕ್‌ನಂತೆ ಕಾಣಬೇಕು. ನಮ್ಮ ಹೆಡ್ ಕಾರ್ಪೆಂಟರ್ ಬಸಣ್ಣ ಕೊಪ್ಪಳದ ಕಡೆಯವನು. ಬಣ್ಣ ಹಚ್ಚುವುದರಲ್ಲಿ ಅವನದು ಎತ್ತಿದ ಕೈ. ಬಟ್ಟೆಯ ಉಂಡೆಯಿಂದ ಕಂದು ಬಣ್ಣ ಸವರಿ, ಅದು ಒಣಗುವ ಮೊದಲೇ ಸಣ್ಣ ಬ್ರಷ್ಷಿನಲ್ಲಿ ಟೀಕ್ ಮರದ ಎಳೆಗಳನ್ನು ಒಂದೊಂದಾಗಿ ಬರೆಯುತ್ತಿದ್ದ. ಹಲಗೆಯ ಮೇಲೆ ಹೊರದೇಶದವರು ನೆನೆಸಬೇಡಿ, ಒಡೆಯುತ್ತದೆ ಎಂದು ತಿಳಿಸಲು ಅಚ್ಚು ಒತ್ತಿದ ಛತ್ರಿ, ಗಾಜಿನ ಲೋಟ, ಪೆಟ್ಟಿಗೆ ಮಾಡಿದ ಊರಿನ ಹೆಸರು ಇದ್ದರೆ ಆ ಮಗ್ಗುಲನ್ನು ಸೀಟಿನ ಅಡಿಗೆ ತಿರುಗಿಸಿ ಅದಕ್ಕೂ ಬಣ್ಣ ಬಳಿಯುತ್ತಿದ್ದ. ನಮ್ಮ ಶೆಡ್ಡಿನಿಂದ ಒಂದು ಕುರ್ಚಿಯೂ ತನ್ನ ಬಣ್ಣದಲ್ಲಿ ಹೊರಗೆ ಹೋದದ್ದಿಲ್ಲ. ಗಿರಾಕಿಗೆ ಒಳಗಿನ ಮರ ಯಾವುದೆಂದು ಹೇಳಿಯೇ ಮಾರುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು, ಮನೆಗೆ ಬರುವ ನೆಂಟರಿಗೆ ಗೊತ್ತಾಗಬಾರದು ಅಷ್ಟೆ.

ಶಿವಕುಮಾರನಿಗೆ ಈ ಪೆಟ್ಟಿಗೆ ಮರ ಸಾಕಾಗಿತ್ತು. ವೈಟ್‌ಫೀಲ್ಡ್ ಕಡೆ ದೊಡ್ಡ ಆಫೀಸುಗಳು ಏಳುತ್ತಿದ್ದವು, ಅಲ್ಲಿನ ಮ್ಯಾನೇಜರುಗಳಿಗೆ ನಿಜವಾದ ಟೀಕ್ ಮೇಜು ಬೇಕಿತ್ತು. ನಮ್ಮ ಮಾಲಿಗೆ ಜನ ಮೇಲೆ ಥಳುಕು ಒಳಗೆ ಹುಳುಕು ಅನ್ನುತ್ತಾರೆ ಎಂದು ಅವನು ದಿನಕ್ಕೊಮ್ಮೆ ಹೇಳುತ್ತಿದ್ದ. ಒಳಗೆ ಹುಳುಕು ಎಲ್ಲಿದೆ ತೋರಿಸು ಎಂದು ನಾನೂ ದಿನಕ್ಕೊಮ್ಮೆ ಜಗಳವಾಡುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಜರ್ಮನಿಯ ಎಂಜಿನಿಯರೊಬ್ಬರು ನಮ್ಮ ಹಲಗೆ ರಾಶಿಯನ್ನು ನೋಡಿ ಖುಷಿಪಟ್ಟು ಹೋದರು. ಅವರ ಊರು ಫ್ರೈಬುರ್ಗ್. ಅಲ್ಲಿ ಕಾಡಿಗೆ ಕೇಡು ಮಾಡದ ಪೀಠೋಪಕರಣ ಮಾತ್ರ ಮಾರುವ ಅಂಗಡಿ ಇದೆಯಂತೆ. ಅದರ ಒಡತಿ ಉರ್ಸುಲಾ, ಮಾದರಿಗೆ ಒಂದು ಕುರ್ಚಿ ತನ್ನಿ, ನೋಡೋಣ ಎಂದು ಹೇಳಿಕಳಿಸಿದರು. ಸಣ್ಣ ಕೈಗಾರಿಕೆಯವರ ತಂಡವೊಂದು ಅದೇ ಹೊತ್ತಿಗೆ ಜರ್ಮನಿಯ ಮೇಳಕ್ಕೆ ಹೊರಟಿತ್ತು, ನಾನೂ ಸೇರಿಕೊಂಡೆ.

"ಅಲ್ಲಿಂದ ಆರ್ಡರ್ ತಂದ್ರೆ ಪೆಟ್ಟಿಗೆ ಮರ ಮುಂದುವರಿಸೋಣ ಅತ್ತಿಗೆ," ಎಂದ ಶಿವಕುಮಾರ. "ತರ್ಲಿಲ್ಲ ಅಂದ್ರೆ ಬರೋ ತಿಂಗಳು ಟೀಕ್ ಲಾರಿ ಇಳಿಸ್ತೀನಿ. ಆಮೇಲೆ ನೀವು ಅಡ್ಡ ಬರಬಾರ್ದು."

ಆಗಲಿ ಎಂದೆ. ಬಸಣ್ಣ ತನ್ನ ಜನ್ಮದ ವಿದ್ಯೆಯನ್ನೆಲ್ಲ ಆ ಒಂದು ಕುರ್ಚಿಗೆ ಧಾರೆಯೆರೆದ. ಹೊರಡುವ ದಿನ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಕಾಲು ಬಿಚ್ಚಿ, ನಮ್ಮ ಮನೆಯ ಜಮಖಾನದಲ್ಲಿ ಸುತ್ತಿ ಹಗ್ಗ ಬಿಗಿದ. ಪಾಲಿಶ್ ಇನ್ನೂ ಪೂರ್ತಿ ಒಣಗಿರಲಿಲ್ಲ.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವನು ಜಮಖಾನ ಬಿಚ್ಚಿಸಿದ. ನಮ್ಮೂರಿನವನಾಗಿದ್ದರೆ ಒಂದು ಮಾತು ಬೈದು, ಒಂದು ಮಾತು ನಕ್ಕು, ಬಿಟ್ಟು ಕಳಿಸುತ್ತಿದ್ದ. ಇವನು ಬೈಯಲೂ ಇಲ್ಲ, ನಗಲೂ ಇಲ್ಲ. ಪಾಲಿಶ್‌ಗೆ ಅಂಟಿಕೊಂಡಿದ್ದ ಜಮಖಾನದ ಕೆಂಪು ನೀಲಿ ದಾರಗಳನ್ನು ಒಂದೊಂದಾಗಿ ಎಳೆದು ನೋಡಿದ. ಬೆನ್ನಿನ ಪಟ್ಟಿಯ ಮೇಲಿದ್ದ ವಿಭೂತಿಯ ಮೂರು ಗೆರೆಗಳನ್ನು ಬೆರಳಲ್ಲಿ ಒರೆಸಿ ಮೂಸಿದ. ಬೂದಿ, ದೇವರದು ಎಂದೆ. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಕುರ್ಚಿಯ ತೋಳನ್ನು ಸವರಿ, ಸೊಗಸಾದ ಟೀಕ್ ಎಂದ. ನಾನು ಬಸಣ್ಣನಿಗೆ ಸಿಕ್ಕ ಹೊಗಳಿಕೆ ಎಂದುಕೊಂಡು ಬಾಯ್ತುಂಬ ಥ್ಯಾಂಕ್ಸ್ ಹೇಳಿದೆ.

ಮೇಳ ಮುಗಿದ ಮೇಲೆ ತಂಡದವರು ಊರು ನೋಡಲು ಹೊರಟರು. ನಾನು ಒಬ್ಬಳೇ ಕುರ್ಚಿ ಹೊತ್ತು ಫ್ರೈಬುರ್ಗ್‌ನ ರೈಲು ಹತ್ತಿದೆ. ಡಬ್ಬಿಯಲ್ಲಿ ಯಾರೂ ಮಾತಾಡುವುದಿಲ್ಲ. ಎದುರಿಗೆ ಕೂತ ಹೆಂಗಸು ಸೇಬು ಕತ್ತರಿಸಿ ತಿಂದಳು, ಒಂದು ಹೋಳು ಬೇಕೇ ಎಂದು ಕೇಳಲಿಲ್ಲ. ನಮ್ಮ ದಾವಣಗೆರೆ ರೈಲಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಅವಳ ಮಕ್ಕಳ ಮದುವೆ, ನನ್ನ ಮಂಡಿನೋವು ಎಲ್ಲ ಮಾತಾಗಿ ಹೋಗಿರುತ್ತಿತ್ತು.

ಒಂದು ಸಣ್ಣ ಊರಿನಲ್ಲಿ ರೈಲು ನಿಂತಿತು. ಬೋರ್ಡಿನ ಮೇಲೆ ಲಾರ್ ಎಂದು ಬರೆದಿತ್ತು. ಈ ಹೆಸರನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ನೋಡಿದ್ದೇನೆ ಏನು ಬಂತು, ದಿನಾ ನೋಡುತ್ತೇನೆ ಅನಿಸಿತು. ಎಲ್ಲಿ ಎಂದು ಯೋಚಿಸುವಷ್ಟರಲ್ಲಿ ರೈಲು ಹೊರಟಿತು, ಕುರ್ಚಿಯ ಕಾಲುಗಳು ಮೇಲಿನ ಲಗೇಜ್ ರ್ಯಾಕಿನಿಂದ ಜಾರಿ ಸೇಬಿನ ಹೆಂಗಸಿನ ತೊಡೆಯ ಮೇಲೆ ಬಿದ್ದವು. ಆಗ ಅವಳು ಮಾತಾಡಿದಳು.

ಹಿಲ್ಡಾ ಅಜ್ಜಿಯ ಅಡುಗೆಮನೆ

ನನಗೆ ಉಳಿದುಕೊಳ್ಳಲು ಉರ್ಸುಲಾ ತಮ್ಮ ತಾಯಿಯ ಮನೆಯಲ್ಲೇ ಏರ್ಪಾಡು ಮಾಡಿದ್ದರು. ಹಿಲ್ಡಾ ಅಜ್ಜಿ ಒಂಟಿ ಹೆಂಗಸು, ಮೊದಲು ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ನನ್ನ ಇಂಗ್ಲಿಷನ್ನು ಅಲ್ಲಲ್ಲಿ ತಿದ್ದಿದರು.

ಅಡುಗೆಮನೆಯಲ್ಲಿ ಕಸಕ್ಕೆ ಸಾಲಾಗಿ ಡಬ್ಬಿಗಳು. ಸಿಪ್ಪೆಗೆ ಒಂದು, ಕಾಗದಕ್ಕೆ ಒಂದು, ಪ್ಲಾಸ್ಟಿಕ್ಕಿಗೆ ಇನ್ನೊಂದು. ಗಾಜನ್ನು ಮಾತ್ರ ಬುಟ್ಟಿಯಲ್ಲಿ ಕೂಡಿಟ್ಟು, ಬೀದಿಯ ತುದಿಗೆ ಒಯ್ದು, ಬಿಳಿಯದನ್ನು ಬಿಳಿಯದಕ್ಕೆ, ಹಸಿರನ್ನು ಹಸಿರಿಗೆ ಹಾಕಬೇಕು. ನಾನು ಬಾಳೆಹಣ್ಣಿನ ಸಿಪ್ಪೆಯನ್ನು ತಪ್ಪು ಡಬ್ಬಿಗೆ ಹಾಕಿದೆ. ಅಜ್ಜಿ ಚಮಚದಿಂದ ಅದನ್ನು ಎತ್ತಿ ಸರಿಯಾದ ಡಬ್ಬಿಗೆ ಹಾಕಿದರು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಮ್ಮ ಮನೆಯಿರುವ ಜಾಲಹಳ್ಳಿಯಲ್ಲಿ ಇಷ್ಟು ಡಬ್ಬಿ ಇಡುವವರು ಯಾರೂ ಇಲ್ಲ. ಹಳೇ ಪೇಪರ್‌ನವನು, ಖಾಲಿ ಸೀಸೆಯವನು, ಸ್ಟೀಲ್ ಪಾತ್ರೆಗೆ ಹಳೆ ಸೀರೆ ಕೇಳುವವಳು ಬಾಗಿಲಿಗೇ ಬಂದು ಎಲ್ಲ ಒಯ್ಯುತ್ತಾರೆ, ಡಬ್ಬಿಗೆ ಬೀಳುವುದಕ್ಕೆ ಏನು ಉಳಿಯುತ್ತದೆ? ಇದನ್ನು ಅಜ್ಜಿಗೆ ವಿವರಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ನಿಮ್ಮದು ಒಳ್ಳೆಯ ವ್ಯವಸ್ಥೆ, ಅದರ ಮುಖ್ಯಸ್ಥರು ಯಾರು ಎಂದು ಕೇಳಿದರು.

ಉರ್ಸುಲಾ ಅಂಗಡಿ

ಬೆಳಿಗ್ಗೆ ಕುರ್ಚಿಗೆ ಕಾಲು ಜೋಡಿಸಿ, ದಾರಗಳನ್ನೆಲ್ಲ ಕಿತ್ತು, ಒರೆಸಿ, ಹೊತ್ತುಕೊಂಡು ಅಂಗಡಿಗೆ ಹೋದೆ. ಬಾಗಿಲಲ್ಲಿ ಒಂದು ಮರದ ಚಿತ್ರ, ಅದರ ಕೆಳಗೆ ಏನೋ ಬರಹ. ಟೀಕ್‌ನಂಥ, ಬಿಸಿಲು ದೇಶಗಳ ಕಾಡುಮರ ಇಲ್ಲಿ ಮಾರುವುದಿಲ್ಲ ಎಂದು ಅದರ ಅರ್ಥವಂತೆ, ನನಗೆ ಆಮೇಲೆ ತಿಳಿಯಿತು.

ಒಳಗಿದ್ದ ಗಿರಾಕಿಗಳು ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕುರ್ಚಿಯನ್ನು ನೋಡಿದರು. ಒಬ್ಬಾಕೆ ಏನೋ ಗೊಣಗಿ ಹೊರಗೆ ಹೋದಳು. ಉರ್ಸುಲಾ ನನ್ನ ವಯಸ್ಸಿನವರೇ, ಕತ್ತರಿಸಿದ ಕೂದಲು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು. ಅವರ ಮುಖದ ಮೇಲಿದ್ದ ನಗು ನಾನು ನೋಡನೋಡುತ್ತಿದ್ದಂತೆ ಹೋಯಿತು. ಕೈಕುಲುಕಿ, ನನ್ನನ್ನು ಕುರ್ಚಿಸಮೇತ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು.

ನಾನು ಪೆಟ್ಟಿಗೆ ಮರದ ಕುರ್ಚಿ ಕೇಳಿದ್ದೆ, ನೀವು ಟೀಕ್ ತಂದಿದ್ದೀರಿ ಎಂದರು. ಇದು ಪೆಟ್ಟಿಗೆ ಮರವೇ ಎಂದೆ. ಅವರು ಎತ್ತಿ ನೋಡಿದರು. ಹಗುರವಾಗಿತ್ತು, ಅವರಿಗೂ ಅನುಮಾನ ಬಂತು. ಬೆರಳಿನಿಂದ ತಟ್ಟಿದರು, ಬಸಣ್ಣ ಬರೆದ ಎಳೆಗಳ ಹತ್ತಿರ ಕಣ್ಣು ತಂದು ನೋಡಿದರು. ಹಾಗಾದರೆ ಇದಕ್ಕೆ ಟೀಕ್ ಬಣ್ಣ ಏಕೆ ಹಚ್ಚಿದ್ದೀರಿ ಎಂದು ಕೇಳಿದರು.

ಚೆನ್ನಾಗಿ ಕಾಣಲಿ ಎಂದು, ಪರದೇಶಕ್ಕೆ ಬರುವ ಕುರ್ಚಿ ಬರಿಮೈಯಲ್ಲಿ ಬರಬಾರದು ಎಂದು, ನಮ್ಮಲ್ಲಿ ಎಲ್ಲರೂ ಹಚ್ಚುತ್ತಾರೆ ಎಂದು ಏನೇನೋ ಹೇಳಿದೆ. ಇಂಗ್ಲಿಷಿನಲ್ಲಿ ಹೇಳುವಾಗ ಅದು ನನಗೇ ಮೋಸದ ಮಾತಿನಂತೆ ಕೇಳಿಸಿತು.

"ನೀವು ಹೇಳುವುದು ನಿಜವಿರಬಹುದು," ಎಂದರು ಉರ್ಸುಲಾ. "ಆದರೆ ಕುರ್ಚಿ ಬೇರೆಯದೇ ಹೇಳುತ್ತಿದೆ. ನನ್ನ ಗಿರಾಕಿಗಳು ಕುರ್ಚಿಯ ಮಾತು ಕೇಳುತ್ತಾರೆ, ನಿಮ್ಮದನ್ನಲ್ಲ."

ಬಣ್ಣ ತೆಗೆದು ತೋರಿಸಲೇ ಎಂದೆ. ಸಂಜೆ ಅಮ್ಮನ ಮನೆಗೆ ಬರುತ್ತೇನೆ, ಆಗ ನೋಡೋಣ ಎಂದರು. ನನ್ನ ಕಿವಿಯಲ್ಲಿ ಆಗಲೇ ಟೀಕ್ ಲಾರಿಯ ಹಾರನ್ ಕೇಳಿಸುತ್ತಿತ್ತು.

ಫುಟ್‌ಪಾತ್

ವಾಪಸು ಬರುವಾಗ ಬೇರೆ ಬೀದಿ ಹಿಡಿದೆ. ಅಲ್ಲಿ ಮನೆ ಮನೆಯ ಮುಂದೆ ಸಾಮಾನು ಬಿದ್ದಿತ್ತು. ಸೋಫಾ, ಮಂಚ, ಪುಸ್ತಕದ ಕಪಾಟು, ಒಂದು ಕಾಲು ಮಾತ್ರ ಅಲ್ಲಾಡುವ ಊಟದ ಮೇಜು. ಪಾಪ, ಒಂದಿಡೀ ಬೀದಿಯ ಜನರನ್ನು ಮನೆ ಬಿಡಿಸುತ್ತಿದ್ದಾರೆ ಎಂದುಕೊಂಡು ನನಗೆ ಸಂಕಟವಾಯಿತು. ಅಳುವವರು ಯಾರೂ ಕಾಣಲಿಲ್ಲ. ಬೇಕರಿಯ ಮುಂದೆ ಕುರ್ಚಿ ಇಳಿಸಿ, ಒಳಗೆ ಹೋಗಿ ದಾರಿ ಕೇಳಿದೆ, ಈ ಸಾಮಾನಿನ ವಿಷಯವನ್ನೂ ಕೇಳಿದೆ. ಬೇಕರಿಯವಳು ನಕ್ಕಳು. ವರ್ಷದಲ್ಲಿ ಇಂತಿಷ್ಟು ದಿನ ಬೇಡದ ದೊಡ್ಡ ಸಾಮಾನನ್ನು ಹೊರಗಿಡುತ್ತಾರಂತೆ, ನಗರಸಭೆಯ ಲಾರಿ ಬಂದು ಒಯ್ಯುತ್ತದಂತೆ. ಅದಕ್ಕೂ ಮೊದಲು ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು.

ಯಾರು ಬೇಕಾದರೂ ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಹೊರಗೆ ಓಡಿ ಬಂದೆ. ಒಬ್ಬ ಹುಡುಗ, ಒಬ್ಬ ಹುಡುಗಿ, ಕಾಲೇಜಿನವರಿರಬೇಕು, ನನ್ನ ಕುರ್ಚಿಯನ್ನು ಆ ಕಡೆ ಈ ಕಡೆ ಹಿಡಿದುಕೊಂಡು ರಸ್ತೆ ದಾಟುತ್ತಿದ್ದರು. "ಏಯ್, ಇಡ್ರೋ ಅದನ್ನ, ನಂದದು," ಎಂದು ಅಚ್ಚ ಕನ್ನಡದಲ್ಲಿ ಕೂಗಿದೆ. ಕೂಗು ಎಲ್ಲ ಭಾಷೆಯಲ್ಲೂ ಒಂದೇ ಇರಬೇಕು, ಅವರು ನಡುರಸ್ತೆಯಲ್ಲೇ ಇಟ್ಟುಬಿಟ್ಟರು. ಹುಡುಗಿ ಬಹಳ ಬೇಸರದಿಂದ, ಇಷ್ಟು ಒಳ್ಳೆಯ ಟೀಕ್ ಯಾರಿಗೂ ಬೇಡವಾಯಿತಲ್ಲ ಎಂದುಕೊಂಡೆವು ಎಂದಳು.

ಅಂಗಡಿಯಲ್ಲಿ ಟೀಕ್ ಎಂದು ದೂರ ಇಟ್ಟರು, ಬೀದಿಯಲ್ಲಿ ಟೀಕ್ ಎಂದೇ ಹೊತ್ತುಕೊಂಡು ಹೋದರು. ಕುರ್ಚಿಯನ್ನು ಫುಟ್‌ಪಾತಿಗೆ ತಂದು, ಅದರ ಮೇಲೆ ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡೆ. ಎದುರಿಗಿದ್ದ ಊಟದ ಮೇಜಿನ ಅಲ್ಲಾಡುವ ಕಾಲಿಗೆ ಒಂದು ಬೆಣೆ ಹೊಡೆದರೆ ಸಾಕಿತ್ತು. ಬಸಣ್ಣ ಇದ್ದಿದ್ದರೆ ಅದನ್ನು ಅಲ್ಲಿ ಬಿಟ್ಟು ಬರುತ್ತಿರಲಿಲ್ಲ. ಕಾಡು ಉಳಿಸಬೇಕೆಂದು ಬಾಗಿಲಿಗೆ ಚೀಟಿ ಅಂಟಿಸುವ ಊರು, ಮೇಜನ್ನು ಬೀದಿಗೆ ಹಾಕುತ್ತದೆ. ನಾವು ಹಲಗೆಯ ಚೂರನ್ನೂ ಬಿಡುವುದಿಲ್ಲ, ಆದರೆ ಅದು ಹಲಗೆ ಎಂದು ಹೇಳಿಕೊಳ್ಳಲು ನಮಗೆ ಮುಖವಿಲ್ಲ. ಯಾರು ಯಾರಿಗೆ ಬುದ್ಧಿ ಹೇಳಬೇಕೋ ಗೊತ್ತಾಗಲಿಲ್ಲ.

ಅಜ್ಜಿಯ ಹಿತ್ತಲು

ಪಾಲಿಶ್ ಹೆರೆಯಲು ನಮ್ಮ ಶೆಡ್ಡಿನಲ್ಲಿ ಗಾಜಿನ ಚೂರು ಬಳಸುತ್ತಾರೆ. ಒಡೆದ ಗಾಜಿನ ಅಂಚಿನಷ್ಟು ಚೂಪಾಗಿ ಬೇರೆ ಯಾವುದೂ ಹೆರೆಯುವುದಿಲ್ಲ. ಒಡೆದ ಗಾಜು ಇದೆಯೇ ಎಂದು ಅಜ್ಜಿಯನ್ನು ಕೇಳಿದೆ. ಇಲ್ಲ ಎಂದರು. ಒಡೆಯದ ಗಾಜು ಇದೆಯೇ ಎಂದೆ. ಬುಟ್ಟಿಯಿಂದ ಜಾಮಿನ ಖಾಲಿ ಸೀಸೆ ತಂದುಕೊಟ್ಟರು. ನಾನು ಅದನ್ನು ಜಮಖಾನದಲ್ಲಿ ಸುತ್ತಿ ಹಿತ್ತಲ ಕಲ್ಲಿಗೆ ಕುಕ್ಕಿದಾಗ ಅಜ್ಜಿ ಕಣ್ಣು ಮುಚ್ಚಿಕೊಂಡರು. ಬಿಳಿ ಗಾಜಿನ ಡಬ್ಬಿಗೆ ಹೋಗಬೇಕಾದದ್ದನ್ನು ಹೀಗೆ ಮಾಡಿದವರು ಆ ಬೀದಿಯಲ್ಲಿ ನನಗಿಂತ ಮೊದಲು ಯಾರೂ ಇರಲಿಕ್ಕಿಲ್ಲ.

ಕುರ್ಚಿಯನ್ನು ಬೋರಲು ಹಾಕಿ ಸೀಟಿನ ಅಡಿಯಿಂದ ಶುರುಮಾಡಿದೆ. ಬಣ್ಣ ಪುಡಿಪುಡಿಯಾಗಿ ಎದ್ದು ಬಂತು. ಬಸಣ್ಣ ಬರೆದಿದ್ದ ಎಳೆಗಳನ್ನು ಒಂದೊಂದಾಗಿ ಅಳಿಸಿದೆ. ಕುರ್ಚಿ ಜರುಗದಂತೆ ಅಜ್ಜಿ ಕಾಲುಗಳನ್ನು ಹಿಡಿದುಕೊಂಡಿದ್ದರು. ಬಿಳಿಮರ ಕಾಣತೊಡಗಿದ ಮೇಲೆ ಅವರು ಒಂದು ಕೈ ಬಿಟ್ಟು ಅದನ್ನು ಸವರಿದರು. ತಮ್ಮ ಮನೆಯಲ್ಲೂ ಪೆಟ್ಟಿಗೆ ಮರದ ಮೇಜು ಇತ್ತು ಎಂದರು. ಯುದ್ಧ ಮುಗಿದ ಹೊಸದರಲ್ಲಿ ಊರಲ್ಲಿ ಏನೂ ಸಿಗುತ್ತಿರಲಿಲ್ಲ. ಅವರ ತಂದೆ ಮದ್ದುಗುಂಡಿನ ಪೆಟ್ಟಿಗೆಗಳನ್ನು ಬಿಚ್ಚಿ ಮೇಜು ಮಾಡಿದರಂತೆ.

"ಅಮ್ಮ ಅದಕ್ಕೆ ಕಂದು ಬಣ್ಣ ಬಳಿದಳು," ಎಂದರು ಅಜ್ಜಿ. "ಅಕ್ರೋಟು ಮರದ ಹಾಗೆ ಕಾಣಲಿ ಅಂತ. ನೆಂಟರು ಬಂದರೆ ಮೇಲೊಂದು ಬಟ್ಟೆ ಹಾಸುತ್ತಿದ್ದಳು. ನಾನು ಇದನ್ನು ಉರ್ಸುಲಾಗೆ ಹೇಳೇ ಇಲ್ಲ."

ಉರ್ಸುಲಾ ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ತಾಯಿ ಮಗಳು ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು, ಜಗಳವಲ್ಲ, ಮೆಲ್ಲಗೆ. ನಾನು ಹೆರೆಯುತ್ತಲೇ ಇದ್ದೆ. ಛತ್ರಿಯ ಗುರುತು ಕಾಣಿಸಿತು, ಪಕ್ಕದಲ್ಲಿ ಗಾಜಿನ ಲೋಟ, ಅದರಡಿ ಕಪ್ಪು ಅಕ್ಷರಗಳು. ಉರ್ಸುಲಾ ನನ್ನ ಪಕ್ಕ ಮಂಡಿಯೂರಿ ಕೂತು ಗಟ್ಟಿಯಾಗಿ ಓದಿದರು. ಲಾರ್.

ಆಗ ನನಗೆ ರೈಲಿನ ಕಿಟಕಿಯ ಬೋರ್ಡು ನೆನಪಾಯಿತು. ನಮ್ಮ ಶೆಡ್ಡಿನ ಹಲಗೆ ರಾಶಿಯಲ್ಲಿ ದಿನಾ ನೋಡುತ್ತಿದ್ದ ಹೆಸರು ಅದು. ಇಲ್ಲೇ ಪಕ್ಕದ ಕಾಡಿನಲ್ಲಿ ಬೆಳೆದ ಮರ, ಲಾರ್‌ನಲ್ಲಿ ಪೆಟ್ಟಿಗೆಯಾಗಿ, ಹಡಗು ಹತ್ತಿ ಮದ್ರಾಸಿಗೆ ಬಂದು, ಪೀಣ್ಯದಲ್ಲಿ ಕುರ್ಚಿಯಾಗಿ, ಟೀಕ್ ಬಣ್ಣ ಬಳಿದುಕೊಂಡು ತನ್ನ ಊರಿಗೇ ವಾಪಸು ಬಂದಿತ್ತು. ಬಂದರೆ ಗುರುತು ಹಿಡಿದವರಿಲ್ಲ. ಉರ್ಸುಲಾ ನಗತೊಡಗಿದರು, ಅಜ್ಜಿಯೂ ನಕ್ಕರು. ನಾನೂ ನಕ್ಕೆ, ಆದರೆ ನನ್ನ ಗಮನವೆಲ್ಲ ಆರ್ಡರಿನ ಮೇಲಿತ್ತು.

ಉರ್ಸುಲಾ ಕ್ಷಮೆ ಕೇಳಿದರು. ಕುರ್ಚಿ ಗಟ್ಟಿಯಾಗಿದೆ, ಚೆನ್ನಾಗಿದೆ, ಆದರೆ ಆರ್ಡರು ಕೊಡಲಾರೆ ಎಂದರು. ನಮ್ಮದೇ ಮರವನ್ನು ಮತ್ತೆ ಹಡಗಿನಲ್ಲಿ ಇಷ್ಟು ದೂರ ತರಿಸಿಕೊಂಡರೆ ಕಾಡು ಉಳಿದರೂ ಹಡಗಿನ ಎಣ್ಣೆ ಸುಡುತ್ತದೆ, ಇದು ನಿಮ್ಮ ಊರಿನಲ್ಲೇ ಮಾರಬೇಕಾದ ಕುರ್ಚಿ ಎಂದರು. ವಾದ ಮಾಡಬೇಕೆಂದು ಬಾಯಿ ತೆರೆದೆ. ಅವರ ಮಾತು ಸರಿಯಾಗಿಯೇ ಇತ್ತು, ಮುಚ್ಚಿಕೊಂಡೆ.

"ನಿಮ್ಮ ಮನೆಯಲ್ಲಿ ಇಂಥ ಕುರ್ಚಿ ಎಷ್ಟಿವೆ?" ಎಂದು ಅಜ್ಜಿ ಕೇಳಿದರು.

ಸುಮ್ಮನೆ ಕುತೂಹಲಕ್ಕೆ ಕೇಳಿದ್ದು. ನಮ್ಮ ಜಾಲಹಳ್ಳಿ ಕ್ವಾರ್ಟರ್ಸಿನ ಹಾಲ್ ಕಣ್ಣ ಮುಂದೆ ಬಂತು. ಅಲ್ಲಿರುವುದು ನನ್ನ ಮದುವೆಯಲ್ಲಿ ಅಪ್ಪ ದಾವಣಗೆರೆಯಿಂದ ಕಳಿಸಿದ ಟೀಕ್ ಕುರ್ಚಿಗಳು. ನಾನು ಮಾಡಿಸಿದ ಒಂದೇ ಒಂದು ಕುರ್ಚಿಯೂ ನನ್ನ ಮನೆಯಲ್ಲಿಲ್ಲ. ಕೇಳಿದವರಿಗೆಲ್ಲ ಪೆಟ್ಟಿಗೆ ಮರದ ಗುಣಗಾನ ಮಾಡಿದವಳು ನಾನು. ಒಂದೂ ಇಲ್ಲ ಎಂದೆ. ಅಜ್ಜಿ ತಲೆಯಾಡಿಸಿದರು. ಅವರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

ಹೊರಡುವ ದಿನ ಆ ಕುರ್ಚಿಯನ್ನು ಅಜ್ಜಿ ತಮಗೆ ಬೇಕು ಎಂದರು. ಉಳಿದ ಬಣ್ಣವನ್ನೂ ಹೆರೆದು, ಅಡುಗೆಮನೆಯಲ್ಲಿಟ್ಟು ಬಂದೆ. ಗಾಜಿನ ಚೂರುಗಳನ್ನು ಆರಿಸಿ ಬಿಳಿ ಡಬ್ಬಿಗೆ ಹಾಕುವಾಗ ಅಜ್ಜಿ ಪಕ್ಕದಲ್ಲೇ ನಿಂತಿದ್ದರು.

ಮತ್ತೆ ಪೀಣ್ಯ

ಶಿವಕುಮಾರ ಶೆಡ್ಡಿನ ಬಾಗಿಲಲ್ಲೇ ಕಾಯುತ್ತಿದ್ದ. ಕುರ್ಚಿಯಿಲ್ಲದೆ ಬಂದದ್ದನ್ನು ನೋಡಿ ಅವನ ಮುಖ ಸ್ವಲ್ಪ ಬಾಡಿತು. ಕುರ್ಚಿ ಮಾರಾಟವಾಗಿ ಆರ್ಡರೂ ಸಿಕ್ಕಿತು ಎಂದುಕೊಂಡಿರಬೇಕು.

"ಕುರ್ಚಿ ಎಲ್ಲಿ ಅತ್ತಿಗೆ?"

"ಅದರ ಊರಲ್ಲೇ ಬಿಟ್ಟು ಬಂದೆ."

ನಡೆದದ್ದನ್ನೆಲ್ಲ ಹೇಳಿದೆ. ಉರ್ಸುಲಾ ಆರ್ಡರು ಕೊಡಲಿಲ್ಲ ಎಂದಾಗ ಅವನು ನೆಮ್ಮದಿಯಿಂದ ಉಸಿರು ಬಿಟ್ಟ. ಆದರೆ ಆರ್ಡರ್ ಒಂದಿದೆ ಎಂದೆ. ಆರು ಕುರ್ಚಿ, ಪೆಟ್ಟಿಗೆ ಮರದ್ದು, ಬಣ್ಣ ಹಚ್ಚುವಂತಿಲ್ಲ. ಯಾರದು ಎಂದು ಕೇಳಿದ. ನನ್ನದೇ, ಜಾಲಹಳ್ಳಿ ಮನೆಗೆ ಎಂದೆ. ಆ ದೇಶದಿಂದ ತರಬೇಕು ಅಂತಲ್ಲವಾ ಮಾತಾಗಿದ್ದು ಎಂದು ತಕರಾರು ತೆಗೆದ.

"ಅಲ್ಲಿಂದಲೇ ತಂದಿದ್ದೀನಿ ಕಣೋ. ಇಲ್ಲಿ ಕೂತಿದ್ರೆ ನನಗೆ ಹೊಳೀತಾನೇ ಇರ್ಲಿಲ್ಲ. ಅಪ್ಪ ಕೊಟ್ಟ ಟೀಕ್ ಕುರ್ಚಿಗಳನ್ನ ನೀನೇ ತಗೊಂಡ್ಹೋಗು, ನಿನಗೆ ಟೀಕ್ ಅಂದ್ರೆ ಪ್ರಾಣ ಅಲ್ವಾ."

ಅವನು ತಲೆ ಚಚ್ಚಿಕೊಂಡ, ಆಮೇಲೆ ನಕ್ಕ. ಟೀಕ್ ಲಾರಿ ಬಂದೇ ಬಂತು, ಅದನ್ನು ನಾನು ತಡೆಯಲಿಲ್ಲ. ಶೆಡ್ಡಿನ ಅರ್ಧ ಅವನ ಮೇಜುಗಳಿಗೆ, ಇನ್ನರ್ಧ ನನ್ನ ಹಲಗೆಗಳಿಗೆ ಎಂದಾಯಿತು.

ಕಷ್ಟವಾದದ್ದು ಬಸಣ್ಣನಿಗೆ ಹೇಳುವುದು. ಬಣ್ಣ ಹೆಂಗಿತ್ತಂದ್ರು ಅಕ್ಕಾರ ಎಂದು ಅವನು ಬೆಳಗಿನಿಂದ ನನ್ನ ಹಿಂದೆಯೇ ಸುತ್ತುತ್ತಿದ್ದ. ಮರದ ವ್ಯಾಪಾರ ಮಾಡುವವರೇ ಅದನ್ನು ಟೀಕ್ ಎಂದು ನಂಬಿದರು ಎಂದೆ. ಅವನ ಮುಖ ಅರಳಿತು. ಅದಕ್ಕೇ ಮೊದಲು ಬೇಡ ಎಂದರು ಎನ್ನುವುದನ್ನೂ ಹೇಳಿದೆ, ನಾನೇ ಗಾಜಿನಿಂದ ಹೆರೆದದ್ದನ್ನೂ ಹೇಳಿದೆ. ಅವನು ಕೈಯಲ್ಲಿದ್ದ ಬಟ್ಟೆಯ ಉಂಡೆಯನ್ನು ಕೆಳಗಿಟ್ಟ.

"ಹಂಗಾರ ನನ್ನ ಕೈ ಚಲೋ ಇದ್ದದ್ದಾ ತಪ್ಪಾತೇನ್ರೀ ಅಕ್ಕಾರ?"

ತಪ್ಪಲ್ಲ ಬಸಣ್ಣ, ನಾವು ಕೇಳಿದ್ದನ್ನು ನೀನು ಮಾಡಿದೆ, ಕೇಳಿದವರು ನಾವು ಎಂದೆ. ಅವನಿಗೆ ಸಮಾಧಾನವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಹಲಗೆ ರಾಶಿಯ ಹತ್ತಿರ ಹೋಗಿ, ನನ್ನ ಕುರ್ಚಿಗಳಿಗೆ ಮರ ಆರಿಸತೊಡಗಿದ. ಅಚ್ಚು ಇರುವ ಹಲಗೆಯೊಂದನ್ನು ಎತ್ತಿ, ಈ ಛತ್ರಿ ಸೀಟಿನ ಅಡಿಗಿರಲೋ ಮೇಲಿರಲೋ ಎಂದು ಕೇಳಿದ. ಮೇಲೇ ಇರಲಿ ಎಂದೆ. ಅವನು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸೀಟಿನ ಮ್ಯಾಲಿಟ್ರ ಕುಂತವ್ರು ಮುಚ್ಚಿಬಿಡ್ತಾರ್ರಿ," ಎಂದ. "ಬೆನ್ನಿಗಿ ಹಾಕ್ತೀನಿ. ಬಾಗಿಲದಾಗ ನಿಂತವ್ರಿಗೂ ಕಾಣ್ಲಿ."